ಬ್ಯಾಂಕಿನ ಎಚ್ಚರಿಕೆ ಕರೆ ಮತ್ತು ಅದರ ನಕಲು: ಒಂದು ಟಿಪ್ಪಣಿ

‘ಬ್ಯಾಂಕಿನವರು ಎಂದೂ ಫೋನ್ ಮಾಡುವುದಿಲ್ಲ’ ಎಂದು ಮನೆಯ ಹಿರಿಯರಿಗೆ ಹೇಳಿಕೊಡುವುದು ಈಚೆಗೆ ರೂಢಿಯಾಗಿದೆ. ಈ ಮಾತು ನಿಜವಲ್ಲ. ಕಾರ್ಡ್ ವಹಿವಾಟುಗಳ ಮೇಲೆ ಕಣ್ಣಿಡುವ ವ್ಯವಸ್ಥೆ ದೊಡ್ಡ ಬ್ಯಾಂಕುಗಳಲ್ಲಿ ಇದ್ದೇ ಇದೆ. ಹಾವೇರಿಯ ಕಿರಾಣಿ ಅಂಗಡಿಯಲ್ಲಿ ಬಳಕೆಯಾಗುವ ಕಾರ್ಡು ನಡುರಾತ್ರಿ ವಿದೇಶಿ ಜಾಲತಾಣವೊಂದರಲ್ಲಿ ಬಳಕೆಯಾದರೆ ತಂತ್ರಾಂಶ ಅದನ್ನು ಅನುಮಾನಿಸುತ್ತದೆ. ಗ್ರಾಹಕರಿಗೆ ಸಂದೇಶವೋ ಕರೆಯೋ ಹೋಗುತ್ತದೆ. ಇಂಥ ಕರೆಯನ್ನು ಒಮ್ಮೆ ಪಡೆದವರಿಗೆ ಮೇಲಿನ ಪಾಠದ ಮೇಲಿನ ನಂಬಿಕೆ ಹೊರಟುಹೋಗುತ್ತದೆ. ಮುಂದಿನ ಬಾರಿ ವಂಚಕನೇ ಕರೆ ಮಾಡಿದಾಗ ಅವರ ಬಳಿ ಬೇರೆ ಅಳತೆಗೋಲು ಇರುವುದಿಲ್ಲ. ಆದ್ದರಿಂದ ಎರಡು ಬಗೆಯ ಕರೆಗಳೂ ಬರುತ್ತವೆ ಎಂದು ಒಪ್ಪಿಕೊಂಡೇ ವಿಚಾರ ಮಾಡಬೇಕು.

ಸಾಮಾನ್ಯವಾಗಿ ಜನ ನೆಚ್ಚುವ ಗುರುತುಗಳು ಪರೀಕ್ಷೆಗೆ ನಿಲ್ಲುವುದಿಲ್ಲ. ಕರೆ ಮಾಡಿದವರಿಗೆ ನಮ್ಮ ಹೆಸರು, ಹುಟ್ಟಿದ ದಿನ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಗೊತ್ತಿದ್ದರೆ ಅವರು ಬ್ಯಾಂಕಿನವರೇ ಎಂದುಕೊಳ್ಳುತ್ತೇವೆ. ಆದರೆ ಈ ಮಾಹಿತಿ ಬಿಲ್ಲುಗಳಿಂದ, ಸಾಲದ ಅರ್ಜಿಗಳಿಂದ, ಸೋರಿಹೋದ ದತ್ತಾಂಶದಿಂದ ಯಾರ ಕೈಗಾದರೂ ಸೇರಬಹುದು. ಕರ್ನಾಟಕದಲ್ಲಿ ‘ಹಿಂದಿಯಲ್ಲಿ ಮಾತಾಡಿದ, ಹಾಗಾಗಿ ಮೋಸ’ ಎನ್ನುವವರೂ ಇದ್ದಾರೆ. ಬ್ಯಾಂಕುಗಳ ಕಾಲ್ ಸೆಂಟರುಗಳೇ ನಮ್ಮೊಡನೆ ಹಿಂದಿಯಲ್ಲಿ ಮಾತು ಶುರುಮಾಡುವಾಗ (ಅದು ಬೇರೆಯದೇ ದೂರು) ಈ ಗುರುತಿಗೆ ಬೆಲೆಯಿಲ್ಲ. ಅಚ್ಚಗನ್ನಡದಲ್ಲಿ ಮೋಸ ಮಾಡಲು ಅಡ್ಡಿಯೂ ಇಲ್ಲ.

ಪರದೆಯ ಮೇಲೆ ಮೂಡುವ ಸಂಖ್ಯೆಯ ಕತೆ ಇನ್ನೂ ಸಂಕೀರ್ಣ. ವಿದೇಶದಿಂದ ಬಂದ ಕರೆಯನ್ನು ಭಾರತದ +91 ಸಂಖ್ಯೆಯಂತೆ ತೋರಿಸುವುದು ಸಾಧ್ಯ. 2024ರ ಅಕ್ಟೋಬರಿನಲ್ಲಿ ದೂರಸಂಪರ್ಕ ಇಲಾಖೆ ಇಂಥವನ್ನು ತಡೆಯುವ ವ್ಯವಸ್ಥೆಯನ್ನು ಚಾಲೂ ಮಾಡಿದಾಗ ಮೊದಲ 24 ಗಂಟೆಗಳಲ್ಲೇ ಸುಮಾರು 1.35 ಕೋಟಿ ಕರೆಗಳು ಸಿಕ್ಕಿಬಿದ್ದವು. 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ, ಸೇವೆ ಮತ್ತು ವಹಿವಾಟಿನ ಕರೆಗಳಿಗೆ 1600 ಸರಣಿಯನ್ನೂ ಪ್ರಚಾರದ ಕರೆಗಳಿಗೆ 140 ಸರಣಿಯನ್ನೂ ಬಳಸುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಇದರ ಉಪಯೋಗ ಮುಖ್ಯವಾಗಿ ಒಂದು ದಿಕ್ಕಿನದು. ಸಾಮಾನ್ಯ ಹತ್ತಂಕಿಯ ಮೊಬೈಲಿನಿಂದ ‘ವಂಚನೆ ತಡೆ ವಿಭಾಗ’ ಮಾತಾಡಿದರೆ ಅನುಮಾನಕ್ಕೆ ಈಗ ಗಟ್ಟಿಯಾದ ಆಧಾರವಿದೆ. 1600ರಿಂದ ಕರೆ ಬಂತೆಂದು ಗುಟ್ಟು ಬಿಟ್ಟುಕೊಡಲು ಮಾತ್ರ ಅದು ಆಧಾರವಾಗದು.

ಹಾಗಾದರೆ ಏನನ್ನು ನೋಡಬೇಕು? ಕರೆ ನಮ್ಮಿಂದ ಏನನ್ನು ಬಯಸುತ್ತದೆ ಎಂಬುದನ್ನು. ಬ್ಯಾಂಕಿಗೆ ಬೇಕಾದದ್ದು ಬಹಳ ಕಡಿಮೆ: ‘ಇಂಥ ಅಂಗಡಿಯಲ್ಲಿ ಇಷ್ಟು ರೂಪಾಯಿಯ ವಹಿವಾಟು ನೀವೇ ಮಾಡಿದಿರಾ?’ ಹೌದು ಅಥವಾ ಅಲ್ಲ. ಎಷ್ಟೋ ಸಲ ಯಂತ್ರದ ದನಿಯೇ ಇದನ್ನು ಕೇಳಿ ಒಂದೋ ಎರಡೋ ಒತ್ತಲು ಹೇಳುತ್ತದೆ. ‘ಅಲ್ಲ’ ಎಂದರೆ ಅವರೇ ಕಾರ್ಡನ್ನು ಬ್ಲಾಕ್ ಮಾಡುತ್ತಾರೆ. ಅದಕ್ಕೆ ನಮ್ಮ ಪಿನ್ ಆಗಲಿ ಸಿವಿವಿ ಆಗಲಿ ಬೇಡ. ವಂಚಕನೂ ಇದೇ ಪ್ರಶ್ನೆಯಿಂದ ಶುರುಮಾಡಬಲ್ಲ. ಬೇರೆಯಾಗುವುದು ಮುಂದಿನ ಹೆಜ್ಜೆಯಲ್ಲಿ. ‘ಈ ವಹಿವಾಟನ್ನು ರದ್ದು ಮಾಡಬೇಕು ಸರ್, ನಿಮಗೊಂದು ಕ್ಯಾನ್ಸಲೇಶನ್ ಕೋಡ್ ಬಂದಿದೆ, ಹೇಳಿ’ ಎನ್ನುತ್ತಾನೆ. ಸಂದೇಶ ನಿಜಕ್ಕೂ ಬಂದಿರುತ್ತದೆ, ಬ್ಯಾಂಕಿನಿಂದಲೇ ಬಂದಿರುತ್ತದೆ. ಪೂರ್ತಿ ಓದಿದರೆ ಎಷ್ಟೋ ಸಲ ಅದರಲ್ಲೇ ಮೊತ್ತವೂ ಹಣ ಪಡೆಯುವವರ ಹೆಸರೂ ಇರುತ್ತವೆ, ‘ಯಾರಿಗೂ ತಿಳಿಸಬೇಡಿ’ ಎಂಬ ಸಾಲೂ ಇರುತ್ತದೆ. ಆದರೆ ಕಿವಿಯ ಬಳಿ ಒಬ್ಬ ಅವಸರ ಮಾಡುತ್ತಿರುವಾಗ ಕಣ್ಣು ನೇರ ಆರು ಅಂಕಿಗಳ ಮೇಲೆ ಬೀಳುತ್ತದೆ. ರದ್ದತಿಗೆಂದು ಹೇಳಿದ ಆ ಒಟಿಪಿಯೇ ಹಣ ಕಳಿಸಲು ಕೊಟ್ಟ ಒಪ್ಪಿಗೆ. ‘ಹಣ ವಾಪಸ್ ಬರಲು ಯುಪಿಐ ಪಿನ್ ಹಾಕಿ’ ಎನ್ನುವುದೂ ಇದೇ ಜಾತಿಯ ಮಾತು. ಹಣ ಪಡೆಯಲು ಪಿನ್ ಬೇಕಿಲ್ಲ. ವಾಟ್ಸ್ಆ್ಯಪಿನಲ್ಲಿ ಕೆವೈಸಿ ಹೆಸರಿನ ಎಪಿಕೆ ಕಡತ ಬಂದರೆ ಒಟಿಪಿಯನ್ನು ಕೇಳುವ ಪ್ರಮೇಯವೇ ಇಲ್ಲ, ಅಳವಡಿಸಿಕೊಂಡ ಆ್ಯಪೇ ಸಂದೇಶಗಳನ್ನು ಓದಿಕೊಳ್ಳುತ್ತದೆ.

ಎರಡನೆಯ ಪರೀಕ್ಷೆ ಕರೆ ಕತ್ತರಿಸುವುದು. ಫೋನ್ ಇಟ್ಟು, ಕಾರ್ಡಿನ ಹಿಂಬದಿಯಲ್ಲಿ ಅಚ್ಚಾದ ಸಂಖ್ಯೆಗೆ ನಾವೇ ಕರೆ ಮಾಡುತ್ತೇವೆ ಎಂದರೆ ನಿಜವಾದ ಬ್ಯಾಂಕಿಗೆ ಏನೂ ನಷ್ಟವಿಲ್ಲ. ವಂಚಕನಿಗೆ ಎಲ್ಲವೂ ನಷ್ಟ. ಅದಕ್ಕೇ ‘ಲೈನ್‌ನಲ್ಲೇ ಇರಿ’ ಎಂಬ ಒತ್ತಾಯ. ಬ್ರಿಟನ್ನಿನ ವಂಚಕರು ಈ ಉಪಾಯಕ್ಕೂ ಪ್ರತಿತಂತ್ರ ಹೂಡಿದ್ದರು. ಅಲ್ಲಿನ ಸ್ಥಿರ ದೂರವಾಣಿಯಲ್ಲಿ ಕರೆ ಮಾಡಿದವನು ರಿಸೀವರ್ ಇಡದಿದ್ದರೆ ಲೈನ್ ಕೆಲಹೊತ್ತು ತೆರೆದೇ ಇರುತ್ತಿತ್ತು. ಗ್ರಾಹಕರು ಇಟ್ಟು ಎತ್ತಿದಾಗ ಡಯಲ್ ಟೋನಿನ ಧ್ವನಿಮುದ್ರಿತ ಸದ್ದನ್ನು ಕೇಳಿಸಿ, ಬೇರೊಂದು ದನಿಯಲ್ಲಿ ‘ಬ್ಯಾಂಕ್’ ಆಗಿ ಉತ್ತರಿಸುತ್ತಿದ್ದರು. 2014ರ ಸುಮಾರಿಗೆ ಆ ಅವಧಿಯನ್ನು ಕೆಲವೇ ಸೆಕೆಂಡುಗಳಿಗೆ ಇಳಿಸಬೇಕಾಯಿತು. 2021ರಲ್ಲಿ, ನೇರ ಸ್ವಂತ ಬ್ಯಾಂಕಿಗೆ ತಲುಪಿಸುವ 159 ಎಂಬ ಚಿಕ್ಕ ಸಂಖ್ಯೆ ಬಂತು. ನಮ್ಮಲ್ಲಿ ಈ ಜಾಗವನ್ನು ತುಂಬಿದ್ದು ಕಾಲ್ ಫಾರ್ವರ್ಡಿಂಗ್. *401* ಒತ್ತಿಸಿ ಗ್ರಾಹಕರ ಕರೆಗಳನ್ನೇ ತಿರುಗಿಸಿಕೊಳ್ಳುವುದು ಎಷ್ಟು ಹೆಚ್ಚಿತೆಂದರೆ, 2024ರ ಏಪ್ರಿಲ್ 15ರಿಂದ ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನೇ ನಿಲ್ಲಿಸಲು ದೂರಸಂಪರ್ಕ ಇಲಾಖೆ ಆದೇಶಿಸಿತು. ಕಸ್ಟಮರ್ ಕೇರ್ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕುವುದೂ ಅಪಾಯವೇ, ಅಲ್ಲಿ ವಂಚಕರು ತಮ್ಮ ಸಂಖ್ಯೆಗಳನ್ನು ನೆಟ್ಟಿರುತ್ತಾರೆ.

ಹೊಣೆಯನ್ನೆಲ್ಲ ಗ್ರಾಹಕರ ತಲೆಗೆ ಕಟ್ಟುವುದು ಅನ್ಯಾಯ. ಕರೆ ಮಾಡಿದ ಬ್ಯಾಂಕೇ ‘ಪರಿಶೀಲನೆಗಾಗಿ ನಿಮ್ಮ ಜನ್ಮದಿನಾಂಕ ಹೇಳಿ’ ಎಂದು ನಮ್ಮನ್ನು ಪರೀಕ್ಷಿಸುತ್ತದೆ; ಅದನ್ನು ಪರೀಕ್ಷಿಸಲು ನಮಗೆ ದಾರಿ ಕೊಡುವುದಿಲ್ಲ. ವಿಮೆ ಮಾರುವ ರಿಲೇಶನ್‌ಶಿಪ್ ಮ್ಯಾನೇಜರ್ ಸ್ವಂತ ಮೊಬೈಲಿನಿಂದ ಕರೆ ಮಾಡುತ್ತಾರೆ. ವಂಚಕರಿಗೆ ಬೇಕಾದ ಅಭ್ಯಾಸವನ್ನು ಬ್ಯಾಂಕುಗಳೇ ಗ್ರಾಹಕರಿಗೆ ಕಲಿಸುತ್ತಿವೆ ಎಂಬುದು ನನ್ನ ಅಭಿಪ್ರಾಯ.

ಹಣ ಹೋದಮೇಲೆ ಕಾಲವೇ ಮುಖ್ಯ. ಸಹಾಯವಾಣಿ 1930ಕ್ಕೆ ಕೂಡಲೇ ತಿಳಿಸಿದರೆ, ಹಣ ಕೈಯಿಂದ ಕೈಗೆ ದಾಟುವ ಮುನ್ನ ಖಾತೆಗಳಲ್ಲೇ ತಡೆಹಿಡಿಯುವ ಅವಕಾಶವಿರುತ್ತದೆ. ಬ್ಯಾಂಕಿಗೂ ಬೇರೆಯಾಗಿ ತಿಳಿಸಿ, ದೂರಿನ ಸಂಖ್ಯೆ ಪಡೆಯಬೇಕು. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ಪ್ರಕರಣದಲ್ಲಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ. ಒಟಿಪಿಯನ್ನು ತಾವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟ ಅವರದೇ. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು.