ಅಚ್ಛೋದದ ತೀರದಿಂದ ಭೀಮೆಯ ತೀರಕ್ಕೆ

ಕಲಬುರಗಿ ಸೀಮೆಯ ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಂತಹ ಊರನ್ನು ಮುಂದಿಟ್ಟುಕೊಂಡು ಸಮುದ್ರದ ಮಾತನ್ನೆತ್ತುವುದು ಮೊದಲ ನೋಟಕ್ಕೆ ವಿನೋದವಾಗಿ ತೋರಬಹುದು. ತೊಗರಿಗೂ ಜೋಳಕ್ಕೂ ಹೆಸರಾದ ಈ ಸೀಮೆಗೂ ಪಡುವಣ ಕಡಲಿಗೂ ನಡುವೆ ಸಹ್ಯಾದ್ರಿಯೇ ಅಡ್ಡನಿಂತಿದೆ. ಮೂಡಣ ಕಡಲಾದರೋ ಇನ್ನೂ ದೂರ. ಆಳಂದದ ಕಡೆಯಿಂದ ಹರಿದು ಬಂದ ಅಮರ್ಜೆ ಗಾಣಗಾಪುರದ ಬಳಿ ಭೀಮೆಯನ್ನು ಸೇರಿ, ಭೀಮೆ ಜೇವರ್ಗಿಯ ನೆಲವನ್ನು ಹಾಯ್ದು ಕೃಷ್ಣೆಯನ್ನು ಕೂಡಿ, ಕೃಷ್ಣೆ ಬಂಗಾಳ ಕೊಲ್ಲಿಯನ್ನು ಮುಟ್ಟುವುದೆಂಬ ಅಷ್ಟರಮಟ್ಟಿಗೆ ಮಾತ್ರ ಈ ನೆಲಕ್ಕೂ ಸಮುದ್ರಕ್ಕೂ ಸಂಬಂಧ. ಆದರೂ ಇಲ್ಲಿಯ ಅಜ್ಜಿಯರು ಹೇಳಿಕೊಂಡು ಬಂದ ಕಥೆಗಳಲ್ಲಿ ರಾಕ್ಷಸನ ಜೀವವಿರುವುದು ಏಳು ಸಮುದ್ರಗಳಾಚೆಯ ಗಿಣಿಯಲ್ಲಿ. ರಾಜಕುಮಾರನು ಸೆರೆಯಲ್ಲಿರುವ ಹುಡುಗಿಯನ್ನು ಬಿಡಿಸಿ ತರಬೇಕಾದರೆ ಆ ಏಳನ್ನೂ ದಾಟಲೇಬೇಕು. ಕಣ್ಣಿನಿಂದ ಕಾಣದ ಕಡಲನ್ನು ಕಥೆಯಿಂದ ಕಂಡ ಜನ ನಾವು.

ಹದಿಹರೆಯದ ಹುಡುಗಿಯೊಬ್ಬಳು ಕಡಲ ತೀರದಲ್ಲಿ ಮನುಷ್ಯನಲ್ಲದ ಒಬ್ಬನಿಗೆ ಮನಸೋಲುವ ಇಂಗ್ಲಿಷ್ ಕಾದಂಬರಿಗಳು ಈಚೆಗೆ ನಮ್ಮ ಮಕ್ಕಳ ಕೈಗೂ ಬಂದಿವೆ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸ್ಟೆಫನಿ ಮೇಯರ್ ಎಂಬಾಕೆಯ ‘ಟ್ವೈಲೈಟ್’ನಲ್ಲಿ ಹದಿನೇಳರ ನಾಯಿಕೆಗೆ ತನ್ನ ಗೆಳೆಯನು ರಕ್ತಪಿಶಾಚಿಯೆಂಬ ಗುಟ್ಟಿನ ಸುಳಿವು ಸಿಕ್ಕುವುದು ಲಾ ಪುಷ್ ಎಂಬ ಕಡಲತೀರದಲ್ಲಿಯೇ. ಅದಕ್ಕೆ ಹಿರಿಯರುಂಟು. 1837ರಲ್ಲಿ ಡೆನ್ಮಾರ್ಕಿನ ಆಂಡರ್ಸನ್ ಬರೆದ ಕಥೆಯ ಮತ್ಸ್ಯಕನ್ಯೆಗೆ ನೀರಿನ ಮೇಲೆ ತಲೆಯೆತ್ತಿ ನೋಡುವ ಅಪ್ಪಣೆ ದೊರೆತದ್ದು ಹದಿನೈದು ತುಂಬಿದ ದಿನ. 1811ರಲ್ಲಿ ಜರ್ಮನಿಯ ಫೂಕೆ ಬರೆದ ‘ಉಂಡೀನೆ’ಯಲ್ಲಿ ಬೆಸ್ತ ದಂಪತಿಗಳ ಗುಡಿಸಲಿನಲ್ಲಿ ಬೆಳೆದ ಜಲಕನ್ಯೆಯೊಬ್ಬಳು ಮನುಷ್ಯನನ್ನು ಮದುವೆಯಾಗಿ ಆತ್ಮವನ್ನು ಪಡೆಯುತ್ತಾಳೆ. ಇವನ್ನೆಲ್ಲ ಪರದೇಶದ ಸರಕೆಂದು ಬಗೆದು, ‘ಕಾದಂಬರಿ ಓದಿ ಕೆಡಬೇಡ’ ಎಂದು ಮಕ್ಕಳನ್ನು ಗದರಿಸುವ ಹಿರಿಯರು, ತಾವು ಉಚ್ಚರಿಸಿದ ಆ ಹೆಸರು ಯಾರದೆಂಬುದನ್ನು ಒಂದು ಗಳಿಗೆ ನಿಂತು ಯೋಚಿಸಿದ್ದಾದರೆ ಗದರಿಕೆಯ ಸ್ವರ ತುಸು ತಗ್ಗೀತು.

ಆ ಹೆಸರು ಒಬ್ಬ ಹುಡುಗಿಯದು. 7ನೆಯ ಶತಮಾನದಲ್ಲಿ, ಹರ್ಷಚಕ್ರವರ್ತಿಯ ಆಶ್ರಯದಲ್ಲಿದ್ದ ಬಾಣಭಟ್ಟನು ಬರೆಯತೊಡಗಿ, ಮುಗಿಸದೆ ತೀರಿಕೊಂಡು, ಅವನ ಮಗನು ಪೂರೈಸಿದ ಸಂಸ್ಕೃತ ಗದ್ಯಕಥೆಯ ನಾಯಿಕೆ ಕಾದಂಬರಿ, ಗಂಧರ್ವಕನ್ಯೆ. ಅವಳ ತಾಯಿಯ ಹೆಸರು ಮದಿರೆ. ಕಾದಂಬರಿಯೆಂಬ ಶಬ್ದಕ್ಕೂ ಮದ್ಯವೆಂಬ ಅರ್ಥವುಂಟು. ಆದುದರಿಂದ ಓದುಗರ ತಲೆ ತಿರುಗುವುದೆಂಬ ಆಪಾದನೆಯನ್ನು ಕವಿಯೇ ಮುಂದಾಗಿ ಒಪ್ಪಿಕೊಂಡಂತಾಯಿತು. ಕಥಾನಾಯಕನಾದ ಚಂದ್ರಾಪೀಡನು ಆರನೆಯ ವಯಸ್ಸಿನಲ್ಲಿ ವಿದ್ಯಾಮಂದಿರವನ್ನು ಹೊಕ್ಕು, ಹತ್ತು ವರ್ಷ ಕಲಿತು, ಹದಿನಾರರ ತರುಣನಾಗಿ ಹೊರಬಂದವನು. ದಿಗ್ವಿಜಯದ ನಡುವೆ ಕಿನ್ನರಮಿಥುನವೊಂದರ ಬೆನ್ನು ಹತ್ತಿ, ಸೇನೆಯನ್ನು ಹಿಂದೆ ಬಿಟ್ಟು, ದಾರಿ ತಪ್ಪಿ ಅವನು ತಲುಪುವುದು ಅಚ್ಛೋದವೆಂಬ ಸರೋವರದ ತೀರವನ್ನು. ಅಲ್ಲಿ ವೀಣೆ ನುಡಿಸುತ್ತ ಕುಳಿತ ಮಹಾಶ್ವೇತೆಯಿಂದ, ವಿರಹದಲ್ಲಿ ಪ್ರಾಣಬಿಟ್ಟ ಪುಂಡರೀಕನ ವೃತ್ತಾಂತವನ್ನೂ, ಆ ದೇಹವನ್ನು ದಿವ್ಯಪುರುಷನೊಬ್ಬನು ಆಕಾಶಕ್ಕೆ ಒಯ್ದು ಪುನಸ್ಸಮಾಗಮದ ಭರವಸೆಯಿತ್ತುದನ್ನೂ ಕೇಳುತ್ತಾನೆ. ಅವಳ ಗೆಳತಿಯೇ ಕಾದಂಬರಿ. ಮುಂದೆ ಶಾಪ, ಮರಣ, ಗಿಣಿಯಾಗಿ ಹುಟ್ಟಿದ ಮಿತ್ರ, ಕೆಡದೆ ಉಳಿದ ಪ್ರಿಯನ ಕಳೇಬರವನ್ನು ಕಾಯುತ್ತ ಕುಳಿತ ಕನ್ಯೆ, ಕೊನೆಗೆ ಸಾವನ್ನೇ ಹಿಂದೆಗೆಸಿದ ಸಮಾಗಮ. ಎಳೆಯ ಪ್ರಾಯ, ನೀರಿನ ತಡಿ, ಅಮಾನುಷ ಪ್ರಣಯ, ಈ ಮೂರಕ್ಕೂ ಇಲ್ಲಿ ಕೊರತೆಯೆಲ್ಲಿ?

ಈ ಕಥೆ ಕಲಬುರಗಿಯ ನೆಲಕ್ಕೆ ಹೊಸತಲ್ಲ. ಸುಮಾರು 850ರಲ್ಲಿ ಮಾನ್ಯಖೇಟದಲ್ಲಿ, ಎಂದರೆ ಸೇಡಂ ತಾಲೂಕಿನ ಕಾಗಿಣಾ ನದಿಯ ದಡದ ಇಂದಿನ ಮಳಖೇಡದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದ ಶ್ರೀವಿಜಯನಿಂದ ರಚಿತವಾದ ‘ಕವಿರಾಜಮಾರ್ಗ’ವು ಸಂಸ್ಕೃತದ ಗದ್ಯಕಥೆಗೆ ಉದಾಹರಣೆಯಾಗಿ ಹೆಸರಿಸುವುದು ಬಾಣನ ಹರ್ಷಚರಿತ, ಕಾದಂಬರಿಗಳನ್ನೇ. ಅದಾಗಿ ಒಂದೂವರೆ ಶತಮಾನ ಕಳೆಯುವುದರೊಳಗೆ ಒಂದನೆಯ ನಾಗವರ್ಮನು ಬಾಣನ ಕಾದಂಬರಿಯನ್ನು ‘ಕರ್ಣಾಟಕ ಕಾದಂಬರಿ’ಯೆಂಬ ಚಂಪುವಾಗಿ ಕನ್ನಡಕ್ಕೆ ತಂದನು. ಪುರಾಣಪುರುಷರ ಚರಿತವನ್ನೋ ಯುದ್ಧವನ್ನೋ ಹಾಡುವುದೇ ಹಿರಿಮೆಯೆಂದು ತಿಳಿದಿದ್ದ ಕಾಲದಲ್ಲಿ, ಧರ್ಮೋಪದೇಶದ ಹಂಗಿಲ್ಲದೆ ಇಬ್ಬರು ಹುಡುಗಿಯರ ಪ್ರೇಮವನ್ನೂ ಕಾಯುವಿಕೆಯನ್ನೂ ಹೇಳಲು ಆ ಕವಿಯು ಮುಂದಾದುದು ಸಣ್ಣ ಸಾಹಸವಲ್ಲ. 12ನೆಯ ಶತಮಾನದ ನೇಮಿಚಂದ್ರನು ‘ಲೀಲಾವತಿ’ಯಲ್ಲಿ ಅದೇ ಹಾದಿಯನ್ನು ಹಿಡಿದು, ಬನವಾಸಿಯ ರಾಜಕುಮಾರನೂ ದೂರದ ಕುಸುಮಪುರದ ಕನ್ಯೆಯೂ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡು ಮೋಹಗೊಳ್ಳುವಂತೆ ಮಾಡಿದನು.

ಮತ್ತೊಂದು ಧಾರೆ ಕಲಬುರಗಿ, ಬೀದರಗಳ ಬಹಮನಿ ಅರಸರ ಕಾಲದಿಂದ ದಖನಿಯೆಂಬ ಭಾಷೆಯಲ್ಲಿ ಹರಿಯಿತು. 15ನೆಯ ಶತಮಾನದ ನಿಜಾಮಿಯ ‘ಕದಮ್ ರಾವ್ ಪದಮ್ ರಾವ್’ ಎಂಬ ಮಸ್ನವಿಯಲ್ಲಿ, ಎಂದರೆ ಕಥನಕಾವ್ಯದಲ್ಲಿ, ಯೋಗಿಯೊಬ್ಬನ ಮೋಸದಿಂದ ಅರಸನ ಜೀವ ಗಿಣಿಯ ಮೈ ಸೇರುತ್ತದೆ. ಅವನಿಗೆ ನೆರವಾಗುವವನು ನಾಗರಾಜ. 17ನೆಯ ಶತಮಾನದ ಗೋಲಕೊಂಡದ ಗವ್ವಾಸಿಯು ಹಾಡಿದ ಸೈಫುಲ್ ಮುಲೂಕನ ಕಥೆಯಲ್ಲಿ ಈಜಿಪ್ಟಿನ ರಾಜಕುಮಾರನು ಚಿತ್ರದಲ್ಲಿ ಕಂಡ ಪರಿಯೊಬ್ಬಳನ್ನು ಅರಸುತ್ತ ಹಡಗನ್ನೇರಿ, ಹಡಗೊಡೆದು, ದ್ವೀಪದಿಂದ ದ್ವೀಪಕ್ಕೆ ಅಲೆಯುತ್ತಾನೆ. ಊರ ಹೆಸರಿನಲ್ಲಿಯೇ ಸುಲ್ತಾನನನ್ನು ಇರಿಸಿಕೊಂಡ ಸೀಮೆಗೆ, ಒಂದು ಕಿವಿಯಲ್ಲಿ ಅಜ್ಜಿಯ ಗಿಣಿಯೂ ಇನ್ನೊಂದರಲ್ಲಿ ದಖನಿಯ ಗಿಣಿಯೂ ಮಾತನಾಡಿದರೆ ಅಚ್ಚರಿಯೇನು?

ಈ ಕಥೆಗಳನ್ನು ಒತ್ತಟ್ಟಿಗಿಟ್ಟು ನೋಡಿದರೆ ತೀರವೇ ಏಕೆಂಬುದು ತಿಳಿಯುತ್ತದೆ. ಚಂದ್ರಾಪೀಡನು ಸೇನೆಯಿಂದ ಅಗಲಬೇಕು, ಸೈಫುಲ್ ಮುಲೂಕನ ಹಡಗು ಒಡೆಯಬೇಕು. ತಂದೆಯ ರಾಜ್ಯವೂ ಮನೆಯ ಕಟ್ಟುಪಾಡೂ ಮುಗಿದ ಗಡಿಯಲ್ಲಲ್ಲದೆ ಅಂತಹ ಪ್ರೇಮಕ್ಕೆ ಎಡೆಯಿಲ್ಲ. ಆ ಗಡಿಯನ್ನು ಕಣ್ಣಿಗೆ ಕಾಣುವಂತೆ ಎಳೆಯಬಲ್ಲುದು ನೀರು. ಸಮುದ್ರವಿದ್ದವರು ಸಮುದ್ರವನ್ನು ಬಳಸಿದರು, ಇಲ್ಲದವರು ಸರೋವರವನ್ನು.

19ನೆಯ ಶತಮಾನದಲ್ಲಿ ನಾವೆಲ್ ಎಂಬ ಹೊಸ ಪ್ರಕಾರವು ಬಂದಾಗ ಬಂಗಾಳಿಗಳು ಅದನ್ನು ಉಪನ್ಯಾಸವೆಂದರು, ತೆಲುಗರು ನವಲ ಎಂದರು. ಮರಾಠಿಗರೂ ಕನ್ನಡಿಗರೂ ಮಾತ್ರ ಗಂಧರ್ವಕನ್ಯೆಯ ಹೆಸರನ್ನಿಟ್ಟರು. ಮರಾಠಿಯ ಮೊದಮೊದಲ ಕೃತಿಗಳಾದ ‘ಮುಕ್ತಾಮಾಲಾ’ (1861), ‘ಮಂಜುಘೋಷಾ’ (1868) ಆ ಹೆಸರಿಗೆ ತಕ್ಕ ಅದ್ಭುತರಮ್ಯ ಕಥೆಗಳೇ. ಆದರೆ ಕಾಲದ ಒಲವು ಬೇರೆಯಾಗತೊಡಗಿತ್ತು. ಬಂಕಿಮಚಂದ್ರನ ‘ಕಪಾಲಕುಂಡಲಾ’ (1866) ಈ ತಿರುವನ್ನು ಚೆನ್ನಾಗಿ ತೋರಿಸುತ್ತದೆ: ಕಡಲ ಅಂಚಿನ ಕಾಡಿನಲ್ಲಿ ಕಾಪಾಲಿಕನು ಸಾಕಿದ ಹುಡುಗಿ, ಸಂಗಡಿಗರು ಬಿಟ್ಟುಹೋದ ನವಕುಮಾರನನ್ನು ಬಲಿಯಿಂದ ಉಳಿಸಿ, ಅವನ ಕೈಹಿಡಿದು ಊರಿಗೆ ಬರುತ್ತಾಳೆ, ಸಂಸಾರವು ಅವಳಿಗೆ ಒಗ್ಗದೆ, ಕೊನೆಗೆ ಇಬ್ಬರೂ ನದಿಯ ಪಾಲಾಗುತ್ತಾರೆ. ಬಂಕಿಮನ ಕೃತಿಗಳನ್ನು ಬಿ. ವೆಂಕಟಾಚಾರ್ಯರು ಒಂದರ ಮೇಲೊಂದರಂತೆ ಕನ್ನಡಿಸಿ ಓದುಗರ ವರ್ಗವನ್ನೇ ನಿರ್ಮಿಸಿದರು. 1899ರಲ್ಲಿ, ನಿಜವಾದ ಕಡಲತೀರದ ಮಂಗಳೂರಿನಲ್ಲಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾದಾಗಲಾದರೋ ಕಥೆಯ ವಿಷಯ ಗಂಧರ್ವರಲ್ಲ, ವಿಧವಾವಿವಾಹ. ಹೆಸರು ಉಳಿಯಿತು, ಹೆಸರಿನವಳು ಮನೆ ಬಿಟ್ಟಳು.

ಅಮಾನುಷವು ಬಾಳಿನಿಂದ ಹೋಯಿತೆಂದಲ್ಲ. ಗಾಣಗಾಪುರದ ದತ್ತನ ಸನ್ನಿಧಿಯಲ್ಲಿ ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ, ಗಾಳಿ ಬಡಿದವರೆಂದು ಕರೆತಂದವರು ಕಂಬ ಸರಳುಗಳನ್ನು ಹಿಡಿದು ಕೂಗಾಡುವುದನ್ನು ನೋಡದ ಈ ಸೀಮೆಯವರು ಕಡಿಮೆ. ಆದರೆ ಅದು ಬಿಡಿಸಿಕೊಳ್ಳಬೇಕಾದ ಬಾಧೆ, ಬಯಸಬೇಕಾದ ಸಂಗವಲ್ಲ. 1979ರ ‘ನಾ ನಿನ್ನ ಬಿಡಲಾರೆ’ ಚಲನಚಿತ್ರದಲ್ಲಿಯೂ ಸತ್ತವಳ ಪ್ರೀತಿಯು ನಾಯಕನ ಮೈ ಹಿಡಿದ ಪೀಡೆಯಾಗಿ, ಮಂತ್ರಾಲಯದಲ್ಲಿ ಪರಿಹಾರವಾಗಬೇಕಾಯಿತು. ಅಮಾನುಷವನ್ನು ಪ್ರೀತಿಸಬಹುದೆಂಬ ಅಚ್ಛೋದದ ಧೈರ್ಯವನ್ನು ನಾವು ನಡುವೆಯೆಲ್ಲಿಯೋ ಕಳೆದುಕೊಂಡೆವು. ಇಂದಿನ ಹುಡುಗಿಯರು ಅದನ್ನು ಇಂಗ್ಲಿಷಿನಿಂದ ಎರವಲು ತರುತ್ತಿದ್ದರೆ, ತಪ್ಪು ತಂದವರದಲ್ಲ, ಮನೆಯ ಪೆಟ್ಟಿಗೆಗೆ ಬೀಗವಿಕ್ಕಿ ಕೀಲಿ ಮರೆತವರದು.

ಈ ಹೊಸ ಕೃತಿಗಳೆಲ್ಲ ಬಾಣನ ಸಮಕ್ಕೆ ನಿಲ್ಲುವುವೆಂದು ನಾನು ಹೇಳಲಾರೆ. ಕಾದಂಬರಿಯಲ್ಲಿ ಪ್ರೇಮದ ಪರೀಕ್ಷೆ ಕಾಯುವುದರಲ್ಲಿದೆ. ಪುನರ್ಜನ್ಮವೊಂದು ಕಳೆದರೂ ಅಲ್ಲಿ ಅವಸರವಿಲ್ಲ. ಇಂದಿನವಕ್ಕೆ ಆ ತಾಳ್ಮೆ ಅಪರೂಪ. ಆದರೂ ಆಳಂದದ ಹುಡುಗಿಯೊಬ್ಬಳು ಅಂಥದೊಂದನ್ನು ಓದುತ್ತಿರುವಾಗ ಕಸಿದುಕೊಳ್ಳುವ ಬದಲು, ಅದರ ಪಕ್ಕದಲ್ಲಿ ನಾಗವರ್ಮನ ಕಥೆಯನ್ನು ಇಂದಿನ ಗದ್ಯದಲ್ಲಿ ಬರೆದು ಇಡುವವರು ಬೇಕಾಗಿದ್ದಾರೆ. ಅಫಜಲಪುರ, ಜೇವರ್ಗಿಗಳ ಕಡೆಯ ಬರೆಹಗಾರರು ಮನಸ್ಸು ಮಾಡಿದರೆ ತೀರಕ್ಕಾಗಿ ದೂರ ಹೋಗಬೇಕಾಗಿಲ್ಲ. ಭೀಮೆಗೆ ಎರಡು ದಡಗಳಿವೆ.