ಜ್ವರ ಬಿಟ್ಟ ಮೇಲಿನ ಜ್ವರ

1961ರ ಜನವರಿಯಲ್ಲಿ ಟೋಕಿಯೋ ನಗರದ ರೆಡ್ ಕ್ರಾಸ್ ಆಸ್ಪತ್ರೆಗೆ ಬಂದ ನಾಲ್ಕು ವರ್ಷದ ಬಾಲಕನೊಬ್ಬನಲ್ಲಿ ಇಳಿಯದ ಜ್ವರವನ್ನೂ, ಕೆಂಪೇರಿದ ಕಣ್ಣು ತುಟಿಗಳನ್ನೂ, ಮೈಮೇಲಿನ ದದ್ದುಗಳನ್ನೂ ಕಂಡ ಶಿಶುವೈದ್ಯ ಟೊಮಿಸಾಕು ಕವಾಸಾಕಿಯವರು, ತಾವು ಕಲಿತ ಯಾವ ರೋಗದ ಹೆಸರೂ ಇದಕ್ಕೆ ಹೊಂದದೆಂದು ಒಪ್ಪಿಕೊಂಡು, ಅಂಥ ಐವತ್ತು ಮಕ್ಕಳ ವೃತ್ತಾಂತವನ್ನು ತಾಳ್ಮೆಯಿಂದ ಕೂಡಿಸಿ 1967ರಲ್ಲಿ ಪ್ರಕಟಿಸಿದರು. ಹೃದಯಕ್ಕೆ ರಕ್ತವೊಯ್ಯುವ ಧಮನಿಗಳು ಈ ರೋಗದಲ್ಲಿ ಉಬ್ಬಿಕೊಳ್ಳುವುವೆಂದು ಆಮೇಲೆ ತಿಳಿಯಿತು. ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು ಸಿರೆಯ ಮೂಲಕ ಕೊಟ್ಟರೆ ಈ ಅಪಾಯ ಬಹುಮಟ್ಟಿಗೆ ತಪ್ಪುವುದೆಂದು 1984ರಲ್ಲಿ ಜಪಾನಿನವರೂ 1986ರಲ್ಲಿ ಅಮೆರಿಕದವರೂ ತೋರಿಸಿದರು. ಅದು ಏಕೆ ತಪ್ಪುವುದೆಂಬುದನ್ನು ಮಾತ್ರ ಪೂರ್ಣವಾಗಿ ಹೇಳಬಲ್ಲವರಿರಲಿಲ್ಲ. ವೈದ್ಯಶಾಸ್ತ್ರದಲ್ಲಿ ಮದ್ದು ಮುಂದೆ ನಡೆದು ತಿಳಿವು ಹಿಂದಿನಿಂದ ಬರುವುದು ಅಪೂರ್ವವೇನಲ್ಲ.

2020ರ ವಸಂತದಲ್ಲಿ ಲಂಡನ್ನಿನ ವೈದ್ಯರು ಮಕ್ಕಳಲ್ಲಿ ಕವಾಸಾಕಿ ರೋಗವನ್ನು ಹೋಲುವ, ಆದರೆ ಅದೇ ಅಲ್ಲದ ವ್ಯಾಧಿಯೊಂದನ್ನು ಕಂಡರು. ಇಟಲಿಯ ಬೆರ್ಗಾಮೊದಲ್ಲಿ ಇಂಥ ಮಕ್ಕಳ ಸಂಖ್ಯೆ ಮೊದಲಿನ ಮೂವತ್ತು ಪಟ್ಟಿನಷ್ಟಾಯಿತು. ಕವಾಸಾಕಿ ರೋಗ ಹೆಚ್ಚಾಗಿ ಐದು ವರ್ಷದೊಳಗಿನವರದು; ಈ ಹೊಸ ವ್ಯಾಧಿಯವರು ಎಂಟು ಒಂಬತ್ತು ವರ್ಷದ ಆಸುಪಾಸಿನವರು. ಹೊಟ್ಟೆನೋವು, ವಾಂತಿ, ಭೇದಿಗಳೊಡನೆ ರಕ್ತದೊತ್ತಡ ಕುಸಿಯುತ್ತಿತ್ತು. ಮೂಗಿನ ದ್ರವದಲ್ಲಿ ಕೊರೋನಾ ವೈರಸ್ ಅನೇಕರಲ್ಲಿ ಸಿಗದೆ, ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯಗಳು ಮಾತ್ರ ಸಿಕ್ಕಿದುದರಿಂದ, ಸೋಂಕು ತಗುಲಿ ಎರಡರಿಂದ ಆರು ವಾರಗಳಾದ ಮೇಲೆ ಹುಟ್ಟುವ ಈ ಜ್ವರವು ರೋಗಾಣುವಿನದಲ್ಲ, ಶರೀರದ ರಕ್ಷಣಾವ್ಯವಸ್ಥೆಯದೇ ಎಂಬುದು ಸ್ಪಷ್ಟವಾಯಿತು. ಕವಾಸಾಕಿಯವರಿಗೆ ದೊರೆಯದ ಸೌಲಭ್ಯ ಇಲ್ಲಿತ್ತು: ಕಿಡಿ ಹೊತ್ತಿಸಿದವರಾರೆಂಬುದು ಗೊತ್ತಿತ್ತು.

ಆದರೂ ಉತ್ತರ ಸುಲಭವಾಗಲಿಲ್ಲ. ಈ ಮಕ್ಕಳ ಟಿ-ಜೀವಕೋಶಗಳಲ್ಲಿ ಒಂದೇ ಬಗೆಯ ಗ್ರಾಹಕವುಳ್ಳ ಗುಂಪು ಮಿತಿಮೀರಿ ವೃದ್ಧಿಯಾಗಿದ್ದುದನ್ನು ನೋಡಿ, ವೈರಸ್ಸಿನ ಮುಳ್ಳಿನಂತಹ ಪ್ರೋಟೀನು ಮಹಾಪ್ರತಿಜನಕದಂತೆ ವರ್ತಿಸಿ ಜೀವಕೋಶಗಳನ್ನು ವಿವೇಚನೆಯಿಲ್ಲದೆ ಕೆರಳಿಸುವುದೆಂದು ಕೆಲವರು ವಾದಿಸಿದರು. ಕರುಳಿನಲ್ಲಿ ಉಳಿದ ವೈರಸ್ಸಿನ ತುಣುಕುಗಳು ಸಡಿಲವಾದ ಕರುಳಿನ ಗೋಡೆಯಿಂದ ರಕ್ತಕ್ಕೆ ಸೋರುವುವೆಂದು 2021ರಲ್ಲಿ ಇನ್ನೊಂದು ತಂಡ ತೋರಿಸಿತು. 2023ರಲ್ಲಿ 558 ಮಕ್ಕಳನ್ನು ಪರೀಕ್ಷಿಸಿದಾಗ, ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸಿ ಉರಿಯೂತಕ್ಕೆ ಕಡಿವಾಣ ಹಾಕುವ ವಂಶವಾಹಿಗಳ ಊನ ಐವರಲ್ಲಿ ಕಂಡಿತು. ಐವರೆಂದರೆ ಕಡಿಮೆಯೇ, ಆದರೆ ಆ ಐವರಲ್ಲಿ ಕಾರಣವು ನಿಸ್ಸಂದಿಗ್ಧವಾದುದು.

ನನಗೆ ಅತ್ಯಂತ ಸ್ವಾರಸ್ಯಕರವೆನಿಸುವುವು ತೀರ ಈಚಿನ ಎರಡು ಶೋಧಗಳು. ವೈರಸ್ಸಿನ ನ್ಯೂಕ್ಲಿಯೋಕ್ಯಾಪ್ಸಿಡ್ ಎಂಬ ಪ್ರೋಟೀನಿನ ಒಂದು ತುಂಡು ನಮ್ಮದೇ ಎಸ್‌ಎನ್‌ಎಕ್ಸ್-8 ಎಂಬ ಪ್ರೋಟೀನನ್ನು ಹೋಲುವುದರಿಂದ, ಸುಮಾರು ಮೂರನೆಯ ಒಂದು ಪಾಲು ಮಕ್ಕಳಲ್ಲಿ ಪ್ರತಿಕಾಯಗಳು ವೈರಿಯನ್ನೂ ಮನೆಯವರನ್ನೂ ಬೇರ್ಪಡಿಸಲಾರದೆ ಹೋಗುವುವೆಂದು 2024ರಲ್ಲಿ ತಿಳಿಯಿತು. 2025ರಲ್ಲಿ ಜರ್ಮನಿಯ ಸಂಶೋಧಕರು, ಟಿಜಿಎಫ್-ಬೀಟಾ ಎಂಬ ದ್ರವ್ಯ ಹೆಚ್ಚಿ ಟಿ-ಜೀವಕೋಶಗಳನ್ನು ಕುಂಠಿತಗೊಳಿಸಿದಾಗ, ಬಾಲ್ಯದಲ್ಲಿ ಹೊಕ್ಕು ಮೌನವಾಗಿ ಮಲಗಿದ್ದ ಎಪ್‌ಸ್ಟೈನ್-ಬಾರ್ ವೈರಸ್ ಎಚ್ಚರಗೊಳ್ಳುವುದೆಂದೂ, ಮೇಲೆ ಹೇಳಿದ ಆ ಮಿತಿಮೀರಿ ವೃದ್ಧಿಯಾದ ಟಿ-ಜೀವಕೋಶಗಳ ಗುಂಪು ಗುರಿಯಿಡುವುದು ಈ ಹಳೆಯ ಅತಿಥಿಯ ಮೇಲೆಯೇ ಎಂದೂ ಹೇಳಿದರು. ಮಹಾಪ್ರತಿಜನಕದ ವಾದಕ್ಕೆ ಆಧಾರವಾಗಿದ್ದ ಸಾಕ್ಷಿಯೇ ಹೀಗೆ ಬೇರೊಂದು ಪಕ್ಷಕ್ಕೆ ಹೋಗಿ ನಿಂತಿತು.

ಈ ಕಾರಣಗಳೆಲ್ಲ ಒಂದೇ ರೋಗಕ್ಕೆ ಸೇರಿದವೆಂದು ನಾನು ನಂಬಲಾರೆ. ಹಲವು ದಾರಿಗಳು ಒಂದೇ ಬಾಗಿಲಿಗೆ ಬಂದು ಕೂಡುವುವೆಂದೇ ತೋರುತ್ತದೆ. ಆ ಬಾಗಿಲಲ್ಲಿ ನಿಂತ ವೈದ್ಯನ ಕೈಯಲ್ಲಿರುವುದು ಇಂದಿಗೂ ಆ ಹಳೆಯ ಪ್ರತಿಕಾಯದ ಬಾಟಲಿ, ಅದರ ಜೊತೆಗೆ ಸ್ಟಿರಾಯ್ಡು. ಕವಾಸಾಕಿಯವರು 2020ರ ಜೂನಿನಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಮೊದಲು ಕಂಡ ರೋಗದ ಮೂಲಕಾರಣ ಇನ್ನೂ ಪತ್ತೆಯಾಗಿಲ್ಲ.