ಅದಿರಿನ ಹಣವೆಲ್ಲ ಆದಾಯವೇ? ಸುಸ್ಥಿರ ಆರ್ಥಿಕ ಕಲ್ಯಾಣದ ಮಾಪನ ಮತ್ತು ಬಳ್ಳಾರಿಯ ಗಣಿಗಾರಿಕೆ

ಸಾರಾಂಶ

ಅದಿರನ್ನು ಅಗೆದು ಮಾರಿದಾಗ ಸೇರುವ ಮೌಲ್ಯವನ್ನೆಲ್ಲ ಜಿಡಿಪಿ ಆ ವರ್ಷದ ಗಳಿಕೆಯೆಂದು ಎಣಿಸುತ್ತದೆ. ಅದರಲ್ಲಿ ಒಂದು ಭಾಗ ಮಾತ್ರ ಆದಾಯ, ಉಳಿದದ್ದು ಕರಗಿದ ಬಂಡವಾಳ ಎಂಬುದು ಈ ಲೇಖನದ ವಾದ. ಬಳ್ಳಾರಿಯ ಕಬ್ಬಿಣದ ಅದಿರನ್ನು ಉದಾಹರಣೆಯಾಗಿಟ್ಟುಕೊಂಡು, ಕರ್ನಾಟಕಕ್ಕೆ ಸುಸ್ಥಿರ ಆರ್ಥಿಕ ಕಲ್ಯಾಣ ಸೂಚ್ಯಂಕವೊಂದು ಏಕೆ ಬೇಕು, ಅದನ್ನು ಹೇಗೆ ಕಟ್ಟಬಹುದು ಎಂಬುದನ್ನು ಇಲ್ಲಿ ಚರ್ಚಿಸಲಾಗಿದೆ.

1. ಹಿನ್ನೆಲೆ

ಅಮೆರಿಕದ ರಾಷ್ಟ್ರೀಯ ಆದಾಯವನ್ನು ಅಂದಾಜಿಸಿದ ಸೈಮನ್ ಕುಜ್ನೆಟ್ಸ್, 1934ರಲ್ಲಿ ಅಲ್ಲಿನ ಸಂಸತ್ತಿನ ಮುಂದೆ ಬಂದ ತಮ್ಮ ವರದಿಯಲ್ಲೇ ಈ ಅಂಕಿಯಿಂದ ದೇಶದ ಕ್ಷೇಮವನ್ನು ನಿರ್ಣಯಿಸಲಾಗದೆಂದು ಎಚ್ಚರಿಸಿದ್ದರು. 1972ರಲ್ಲಿ ವಿಲಿಯಂ ನಾರ್ಡ್‌ಹೌಸ್ ಮತ್ತು ಜೇಮ್ಸ್ ಟೋಬಿನ್ ಕ್ಷೇಮದ ಪ್ರತ್ಯೇಕ ಮಾಪನವೊಂದನ್ನು ರೂಪಿಸಿದರು. 1989ರಲ್ಲಿ ಹರ್ಮನ್ ಡೇಲಿ ಮತ್ತು ಜಾನ್ ಕಾಬ್ ಸುಸ್ಥಿರ ಆರ್ಥಿಕ ಕಲ್ಯಾಣ ಸೂಚ್ಯಂಕವನ್ನು ಮುಂದಿಟ್ಟರು. ಅದೇ 1995ರಲ್ಲಿ ನೈಜ ಪ್ರಗತಿ ಸೂಚಕವಾಗಿ ಬೆಳೆಯಿತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2010ರಲ್ಲಿ ಅದನ್ನು ಅಳವಡಿಸಿಕೊಂಡಿತು.

2. ಸೂಚ್ಯಂಕದ ರಚನೆ

ಈ ಸೂಚ್ಯಂಕದ ತಳಹದಿ ಉತ್ಪಾದನೆಯಲ್ಲ, ಜನರ ಖಾಸಗಿ ಬಳಕೆ. ಆದಾಯದ ಹಂಚಿಕೆ ಅಸಮವಾದಷ್ಟೂ ಆ ಬಳಕೆಯ ಮೌಲ್ಯವನ್ನು ತಗ್ಗಿಸಲಾಗುತ್ತದೆ. ಬಳಿಕ ಮನೆಗೆಲಸದಂಥ ಸಂಬಳವಿಲ್ಲದ ದುಡಿಮೆಯನ್ನು ಕೂಡಿಸಿ, ಮಾಲಿನ್ಯ, ರಸ್ತೆ ಅಪಘಾತ, ಕೃಷಿಭೂಮಿಯ ನಷ್ಟ ಮತ್ತು ಖನಿಜಗಳ ಸವಕಳಿಯನ್ನು ಕಳೆಯಲಾಗುತ್ತದೆ. ಕೂಡಿಸಬೇಕಾದ ಮೊತ್ತ ಸಣ್ಣದಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ, ಪುರುಷರು 88 ನಿಮಿಷ ಸಂಬಳವಿಲ್ಲದೆ ದುಡಿಯುತ್ತಾರೆ. ಈ ದುಡಿಮೆಗೆ ಜಿಡಿಪಿಯಲ್ಲಿ ಬೆಲೆಯಿಲ್ಲ.

3. ಬಳ್ಳಾರಿಯ ಲೆಕ್ಕ

ಖನಿಜದ ಸವಕಳಿಯನ್ನು ಅಳೆಯಲು ಸಲಾಹ್ ಎಲ್ ಸೆರಾಫಿ 1989ರಲ್ಲಿ ಸ್ಪಷ್ಟವಾದ ಸೂತ್ರವೊಂದನ್ನು ಕೊಟ್ಟರು. ಗಣಿ ಬರಿದಾದ ಮೇಲೂ ಅಷ್ಟೇ ಆದಾಯ ನಿರಂತರವಾಗಿ ಬರಬೇಕಾದರೆ ಪ್ರತಿವರ್ಷದ ನಿವ್ವಳ ಗಳಿಕೆಯಲ್ಲಿ ಎಷ್ಟನ್ನು ಬೇರೆಡೆ ಹೂಡಬೇಕು ಎಂಬುದು ಅವರ ಪ್ರಶ್ನೆ. ಹಾಗೆ ಹೂಡಬೇಕಾದ ಭಾಗವೇ ಬಳಕೆದಾರ ವೆಚ್ಚ, ಮಿಕ್ಕಿದ್ದು ನಿಜವಾದ ಆದಾಯ.

ಊಹಾತ್ಮಕ ಗಣಿಯೊಂದನ್ನು ತೆಗೆದುಕೊಳ್ಳೋಣ. ತೋಡುವ ಖರ್ಚು ಕಳೆದು ವರ್ಷಕ್ಕೆ 100 ರೂಪಾಯಿ ಉಳಿಯುತ್ತದೆ, ಅದಿರು 20 ವರ್ಷ ಬರುತ್ತದೆ, ಬಡ್ಡಿದರ ಶೇ 5. ಆಗ ಬಳಕೆದಾರ ವೆಚ್ಚ ಸುಮಾರು 36 ರೂಪಾಯಿ, ನಿಜ ಆದಾಯ 64. ಈಗ ನಾಲ್ಕು ಪಟ್ಟು ವೇಗದಲ್ಲಿ ಅಗೆದರೆ ಗಣಿಯ ಆಯಸ್ಸು 5 ವರ್ಷಕ್ಕಿಳಿದು, ವಾರ್ಷಿಕ ಗಳಿಕೆ 400 ರೂಪಾಯಿಗೇರುತ್ತದೆ. ಆದರೆ ಅದರಲ್ಲಿ 298 ರೂಪಾಯಿ ಬಳಕೆದಾರ ವೆಚ್ಚ, ನಿಜ ಆದಾಯ ಸುಮಾರು 102 ಮಾತ್ರ. ಜಿಡಿಪಿಗೆ ಸೇರುವ ಗಳಿಕೆ ನಾಲ್ಕು ಪಟ್ಟಾದರೂ ಆದಾಯ ಎರಡು ಪಟ್ಟನ್ನೂ ಮುಟ್ಟುವುದಿಲ್ಲ. ಅಗೆತದ ವೇಗ ಹೆಚ್ಚಿದಷ್ಟೂ ಜಿಡಿಪಿ ಹೇಳುವುದಕ್ಕೂ ವಾಸ್ತವಕ್ಕೂ ಅಂತರ ಹಿಗ್ಗುತ್ತದೆ.

ಚೀನಾದ ಬೇಡಿಕೆಯಿಂದ ಬೆಲೆ ಏರಿದ ವರ್ಷಗಳಲ್ಲಿ ಸಂಡೂರು, ಹೊಸಪೇಟೆ ಸೀಮೆಯಲ್ಲಿ ನಡೆದದ್ದು ಇಂಥ ಅವಸರದ ಅಗೆತ. ಅಕ್ರಮದ ವಿವರಗಳನ್ನು ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿಗಳು 2008 ಮತ್ತು 2011ರಲ್ಲಿ ದಾಖಲಿಸಿದವು. ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದು, ಆಗಸ್ಟ್‌ನಲ್ಲಿ ಆ ತಡೆಯನ್ನು ಚಿತ್ರದುರ್ಗ ಮತ್ತು ತುಮಕೂರಿಗೂ ವಿಸ್ತರಿಸಿತು. ಅದರ 2013ರ ತೀರ್ಪು, ಗಂಭೀರ ಅಕ್ರಮ ಕಂಡುಬಂದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಮೂರೂ ಜಿಲ್ಲೆಗಳಿಂದ ವರ್ಷಕ್ಕೆ ಒಟ್ಟು 3 ಕೋಟಿ ಟನ್ ಅದಿರಿನ ಮಿತಿಯೂ ಜಾರಿಗೆ ಬಂತು. ಜಿಡಿಪಿಯ ದೃಷ್ಟಿಗೆ ಈ ಮಿತಿ ನಷ್ಟ. ಎಲ್ ಸೆರಾಫಿಯ ಸೂತ್ರದಲ್ಲಿ ಅದು ಗಣಿಯ ಆಯಸ್ಸನ್ನು ಹಿಗ್ಗಿಸಿ, ಪ್ರತಿ ರೂಪಾಯಿ ಗಳಿಕೆಯಲ್ಲಿ ನಿಜ ಆದಾಯದ ಪಾಲನ್ನು ಹೆಚ್ಚಿಸಿದ ಕ್ರಮ. ನ್ಯಾಯಾಲಯ ಪರಿಸರದ ಹೆಸರಿನಲ್ಲಿ ಮಾಡಿದ್ದು ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಸರಿಯಾಗಿತ್ತು.

4. ಆಕ್ಷೇಪಗಳು

ಎರಿಕ್ ನ್ಯೂಮೇಯರ್ ಅವರ ಟೀಕೆಯನ್ನು ಇಲ್ಲಿ ಗಂಭೀರವಾಗಿ ಪರಿಗಣಿಸಬೇಕು. ಸೂಚ್ಯಂಕದ 1994ರ ಪರಿಷ್ಕರಣೆ, ಖನಿಜ ಇಂಧನಕ್ಕೆ ಬದಲಿ ಒದಗಿಸುವ ವೆಚ್ಚ ಪ್ರತಿವರ್ಷ ಶೇ 3ರಂತೆ ಏರುತ್ತದೆಂದು ಭಾವಿಸಿತ್ತು. ಸೂಚ್ಯಂಕ ಕುಸಿದಂತೆ ಕಾಣುವುದಕ್ಕೆ ಇಂಥ ಊಹೆಗಳೇ ಬಹುಮಟ್ಟಿಗೆ ಕಾರಣ ಎಂದು ಅವರು ತೋರಿಸಿದರು. ಎಲ್ ಸೆರಾಫಿಯ ಸೂತ್ರವೂ ಊಹೆಗಳಿಂದ ಮುಕ್ತವಲ್ಲ: ಮೇಲಿನ 20 ವರ್ಷದ ಗಣಿಗೆ ಬಡ್ಡಿದರ ಶೇ 10 ಎಂದಿಟ್ಟರೆ ಬಳಕೆದಾರ ವೆಚ್ಚ 36ರಿಂದ 14ಕ್ಕಿಳಿಯುತ್ತದೆ. ಆದ್ದರಿಂದ ಒಂದೇ ಅಂಕಿಯ ಬದಲು ಕನಿಷ್ಠ ಮತ್ತು ಗರಿಷ್ಠ ಅಂದಾಜುಗಳನ್ನು ಪ್ರಕಟಿಸುವುದು ಪ್ರಾಮಾಣಿಕ ಮಾರ್ಗ.

ಕಾರಣವನ್ನು ಆರೋಪಿಸುವಲ್ಲೂ ಎಚ್ಚರ ಬೇಕು. ಸುಮಾರು 133 ಟಿಎಂಸಿ ಸಾಮರ್ಥ್ಯದ ತುಂಗಭದ್ರಾ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ಆದರೆ ಇಡೀ ಜಲಾನಯನ ಪ್ರದೇಶದ ಮಣ್ಣಿನ ಸವೆತವನ್ನು ಗಣಿಗಳ ಖಾತೆಗೆ ಬರೆಯುವುದು ತಪ್ಪಾಗುತ್ತದೆ. ಇಷ್ಟಾದರೂ, ಅಂದಾಜು ಕಷ್ಟವೆಂದು ನಷ್ಟವನ್ನು ಸೊನ್ನೆಯೆಂದು ಬರೆಯುವುದು ಇನ್ನೂ ದೊಡ್ಡ ತಪ್ಪು. ಜಿಡಿಪಿ ಮಾಡುತ್ತಿರುವುದು ಅದನ್ನೇ.

5. ಮುಂದಿನ ದಾರಿ

ವರಮಾನದಾಚೆಗೆ ನೋಡುವ ಪರಂಪರೆ ಕರ್ನಾಟಕಕ್ಕೆ ಹೊಸದಲ್ಲ. ರಾಜ್ಯ 1999 ಮತ್ತು 2005ರಲ್ಲಿ ಮಾನವ ಅಭಿವೃದ್ಧಿ ವರದಿಗಳನ್ನು ತಂದಿತು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳ ಮೂಲಕ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಭಾರತದ ಹಸಿರು ಲೆಕ್ಕಪತ್ರಕ್ಕೆ ಪಾರ್ಥ ದಾಸ್‌ಗುಪ್ತ ನೇತೃತ್ವದ ಸಮಿತಿ 2013ರಲ್ಲಿ ಚೌಕಟ್ಟು ಕೊಟ್ಟಿದೆ. 2025ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಅಂಗೀಕರಿಸಿದ ಹೊಸ ಲೆಕ್ಕಪದ್ಧತಿ, ನಿಸರ್ಗ ಸಂಪನ್ಮೂಲಗಳ ಸವಕಳಿಯನ್ನು ನಿವ್ವಳ ಉತ್ಪನ್ನದಿಂದ ಕಳೆಯಬೇಕೆನ್ನುತ್ತದೆ. ದೊಡ್ಡ ಕೊರತೆಯಿರುವುದು ಹಂಚಿಕೆಯ ಮಾಹಿತಿಯಲ್ಲಿ. 2011-12ರ ನಂತರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯಾಗಿ ನಮಗೆ ದೊರೆತ ಮೊದಲನೆಯದು 2022-23ರದು; ನಡುವಿನ ದಶಕಕ್ಕೆ ಅಸಮಾನತೆಯ ವಾರ್ಷಿಕ ಸರಣಿ ಕಟ್ಟುವುದು ಕಷ್ಟ.

ಆದರೂ ಖನಿಜದ ಲೆಕ್ಕವನ್ನು ಈಗಲೇ ಆರಂಭಿಸಬಹುದು. 2015ರ ಕಾನೂನು ತಿದ್ದುಪಡಿಯಿಂದ ರೂಪುಗೊಂಡ ಜಿಲ್ಲಾ ಖನಿಜ ಪ್ರತಿಷ್ಠಾನಗಳಲ್ಲಿ ಮತ್ತು ಗಣಿ ಪರಿಸರ ಪುನಶ್ಚೇತನಕ್ಕೆಂದೇ ಮೀಸಲಾದ ನಿಗಮದಲ್ಲಿ ದೊಡ್ಡ ಮೊತ್ತ ಸೇರಿದೆ. ಪ್ರತಿವರ್ಷ ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಮುದ್ರಿಸಬೇಕು: ಆ ವರ್ಷದ ಅದಿರಿನ ಬಳಕೆದಾರ ವೆಚ್ಚ, ಮತ್ತು ಈ ನಿಧಿಗಳಿಂದ ಶಾಲೆ, ಆಸ್ಪತ್ರೆ, ಕೆರೆ, ಕಾಡಾಗಿ ನಿಜಕ್ಕೂ ರೂಪುಗೊಂಡ ಬಾಳಿಕೆಯ ಆಸ್ತಿ. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯಿದ್ದರೆ ಸಂಡೂರಿನ ಮುಂದಿನ ಪೀಳಿಗೆಯ ಸ್ವತ್ತನ್ನು ನಾವು ಖರ್ಚು ಮಾಡುತ್ತಿದ್ದೇವೆಂದೇ ಅರ್ಥ. ಅದನ್ನು ಬೆಳವಣಿಗೆ ಎಂದು ಕರೆಯುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ.